ಎದುರು ಮನೆ ಹುಡುಗಿಗೆ ಗಾವ್‌ಕಾವ್ ಇಂಗ್ಲಿಷ್: ಮಾತು ಕಲಿಸಲಾ, ಅಂಕ ಕಲಿಸಲಾ?

ಶಾವ್‌ಶಿಂಗ್ ಸುಧಾ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನಿರೋದು ಚೀನಾದ ಝೆಜಿಯಾಂಗ್ ಪ್ರಾಂತ್ಯದಲ್ಲಿ, ಶಾವ್‌ಶಿಂಗ್ ಊರಿನ ಕಚ್ಯಾವ್ ಅನ್ನೋ ಭಾಗದಲ್ಲಿ. ಬಟ್ಟೆ ವ್ಯಾಪಾರದವರಿಗೆ ಈ ಹೆಸರು ಗೊತ್ತಿರುತ್ತದೆ. ದೊಡ್ಡ ಜವಳಿ ಮಾರುಕಟ್ಟೆ ಇದೆ, ನಮ್ಮ ದೇಶದವರೂ ಸಾಕಷ್ಟು ಜನ ಇದ್ದಾರೆ. ನಮ್ಮ ಯಜಮಾನರ ಕೆಲಸವೂ ಅದೇ. ನಾನು ಧಾರವಾಡದವಳು. ಇಂಗ್ಲಿಷ್ ಎಂ.ಎ. ಮಾಡಿ, ಇಲ್ಲಿಗೆ ಬರುವ ಮುಂಚೆ ಆರು ವರ್ಷ ಡಿಗ್ರಿ ಮಕ್ಕಳಿಗೆ ಪಾಠ ಮಾಡಿದ್ದೆ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕಂದ್ರೆ ಮುಂದೆ ನನ್ನ ಮರ್ಯಾದೆ ಹೋಗೋದಿದೆ.

ಎದುರು ಮನೆಯ ಹುಡುಗಿ ಗಾವ್‌ಸಾನ್‌ನಲ್ಲಿದ್ದಾಳೆ. ಹೈಸ್ಕೂಲಿನ ಮೂರನೆಯ ವರ್ಷ, ನಮ್ಮ ಸೆಕೆಂಡ್ ಪಿಯು ಇದ್ದ ಹಾಗೆ. ಹಾಸ್ಟೆಲ್‌ನಲ್ಲಿರುತ್ತಾಳೆ, ವಾರಕ್ಕೊಂದು ದಿನ ಮನೆಗೆ ಬರುತ್ತಾಳೆ. ಹೆಸರು ಬೇಡ, ಪುಟ್ಟಿ ಅಂತಿಟ್ಟುಕೊಳ್ಳೋಣ. ಅವಳು ನನ್ನನ್ನು 'ಆಯಿ' ಅನ್ನುತ್ತಾಳೆ. ಚೀನೀ ಭಾಷೆಯಲ್ಲಿ ಅದು ಆಂಟಿ. ನಮ್ಮ ಕಡೆ ಆಯಿ ಅಂದ್ರೆ ಅಜ್ಜಿ. ಮೂವತ್ತೆಂಟಕ್ಕೇ ಅಜ್ಜಿ ಮಾಡಿದಳಲ್ಲ ಅಂತ ಮೊದಲ ದಿನ ಸಿಟ್ಟೇ ಬಂದಿತ್ತು.

ಅವಳ ಅಮ್ಮ ಒಂದು ಚೀಲ ಕಿತ್ತಳೆ ಹಿಡಿದುಕೊಂಡು ಬಂದು, ಫೋನಿನ ಅನುವಾದದಲ್ಲಿ ಕೇಳಿದರು: ಭಾನುವಾರ ಎರಡು ಗಂಟೆ ಮಗಳ ಇಂಗ್ಲಿಷ್ ನೋಡುತ್ತೀರಾ? ಒಪ್ಪಿಕೊಂಡೆ. ದುಡ್ಡು ತೆಗೆದುಕೊಳ್ಳಲ್ಲ. ನನ್ನ ವೀಸಾದಲ್ಲಿ ಇಲ್ಲಿ ದುಡಿಯುವಂತೆಯೂ ಇಲ್ಲ.

ಗಾವ್‌ಕಾವ್ ಅಂದ್ರೆ ವಿಶ್ವವಿದ್ಯಾಲಯ ಸೇರೋಕೆ ಇಲ್ಲಿಯ ಪ್ರವೇಶ ಪರೀಕ್ಷೆ. ಒಟ್ಟು 750 ಅಂಕ, ಅದರಲ್ಲಿ ಇಂಗ್ಲಿಷ್‌ಗೆ 150. ಚೀನೀ ಭಾಷೆಗೂ 150, ಗಣಿತಕ್ಕೂ 150. ಮನೆಯಲ್ಲಿ ಯಾರೂ ಆಡದ ಭಾಷೆಗೆ ಮನೆಮಾತಿನಷ್ಟೇ ತೂಕ. ಝೆಜಿಯಾಂಗ್‌ನಲ್ಲಿ ಇಂಗ್ಲಿಷ್‌ಗೆ ಎರಡು ಅವಕಾಶ ಕೊಡುತ್ತಾರೆ, ಜನವರಿ ಮತ್ತು ಜೂನ್. ಯಾವುದು ಜಾಸ್ತಿಯೋ ಅದು ಲೆಕ್ಕಕ್ಕೆ. ಹಾಗಾಗಿ ನಮ್ಮ ಕೈಯಲ್ಲಿರೋದು ಸುಮಾರು ಮೂರು ತಿಂಗಳು.

ಮೊದಲ ಭಾನುವಾರ ಅವಳ ಅಭ್ಯಾಸದ ಪತ್ರಿಕೆ ತೆಗೆದುಕೊಂಡೆವು. ಒಂದು ಭಾಗ ಬಿಟ್ಟ ಸ್ಥಳ ತುಂಬೋದು. ಒಂದು ಕತೆ, ಅದರಲ್ಲಿ ಹದಿನೈದು ಖಾಲಿ ಜಾಗ, ಒಂದೊಂದಕ್ಕೂ ನಾಲ್ಕು ಆಯ್ಕೆ. 'ಆಯಿ, ನೀವೂ ಮಾಡಿ' ಅಂತ ಸನ್ನೆ ಮಾಡಿದಳು. ಇದೇನು ಮಹಾ ಅಂತ ಕೂತೆ. ಅವಳಿಗೆ 13 ಬಂತು. ನನಗೆ 10.

ಒಂದನ್ನು ಹೇಳುತ್ತೇನೆ ಕೇಳಿ. ಮಳೆಯಲ್ಲಿ ಬೆಟ್ಟದ ಮೇಲೆ ದಾರಿ ತಪ್ಪಿದವನಿಗೆ ಒಬ್ಬ ಮುದುಕ ದಾರಿ ತೋರಿಸುತ್ತಾನೆ. ದೂರದಲ್ಲಿ ಮನೆಯ ದೀಪ ಕಂಡಾಗ ಇವನಿಗೆ ಏನನ್ನಿಸಿತು? ಪ್ರೌಡ್, ಗ್ರೇಟ್‌ಫುಲ್, ರಿಲೀವ್ಡ್, ಕಾಮ್. ನಾನು ಗ್ರೇಟ್‌ಫುಲ್ ಹಾಕಿದೆ. ಮುದುಕ ಅಷ್ಟು ಉಪಕಾರ ಮಾಡಿದಾನೆ, ಕೃತಜ್ಞತೆ ಬೇಡವಾ? ಸರಿ ಉತ್ತರ ರಿಲೀವ್ಡ್. ಎರಡು ಸಾಲು ಕೆಳಗೆ, ಎದೆಯ ಭಾರ ಇಳಿಯಿತು ಅಂತ ಒಂದು ವಾಕ್ಯ ಇದೆ, ಅದೇ ಸುಳಿವು. ಪುಟ್ಟಿ ಪೆನ್ಸಿಲ್‌ನಿಂದ ಆ ಸಾಲನ್ನು ಕುಟ್ಟಿ ತೋರಿಸಿ ಹೇಳಿದಳು: 'ನಾಟ್ ಯುವರ್ ಫೀಲಿಂಗ್, ಆಯಿ. ರೈಟರ್ಸ್ ಫೀಲಿಂಗ್.'

ಇಷ್ಟು ಜಾಣೆಯ ಹತ್ತಿರ 'ಈ ವಾರ ಹೇಗಿತ್ತು?' ಅಂತ ಇಂಗ್ಲಿಷ್‌ನಲ್ಲಿ ಕೇಳಿದೆ. ತಲೆ ತಗ್ಗಿಸಿದಳು. ಅರ್ಧ ನಿಮಿಷ ಆದ ಮೇಲೆ 'ವೆರಿ ಬಿಜಿ' ಅಂದಳು. ಮುಂದಿನ ವಾರವೂ ಕೇಳಿದೆ. ಮತ್ತೆ 'ವೆರಿ ಬಿಜಿ'. ಬರೆಯೋಕೆ ಕೊಟ್ಟರೆ 'ಹ್ಯಾಡ್ ಇಟ್ ನಾಟ್ ಬೀನ್ ಫಾರ್' ಅಂತ ಶುರು ಮಾಡುತ್ತಾಳೆ. ನನ್ನ ಡಿಗ್ರಿ ಮಕ್ಕಳು ಜನ್ಮದಲ್ಲಿ ಹಾಗೆ ಬರೆದಿರಲಿಲ್ಲ. ಅಕ್ಷರವೋ, ಪ್ರಿಂಟ್ ಹೊಡೆದ ಹಾಗೆ. ಒಂದೊಂದು ಅಕ್ಷರವೂ ಅದೇ ಎತ್ತರ, ಅದೇ ದುಂಡು. ಅವಳ ಗೆಳತಿಯ ಹಾಳೆಯನ್ನು ಪಕ್ಕಕ್ಕಿಟ್ಟರೆ ಯಾರದ್ದು ಯಾವುದು ಅಂತ ಗೊತ್ತಾಗಲಿಲ್ಲ.

2023ರ ಗಾವ್‌ಕಾವ್ ಪತ್ರಿಕೆಯನ್ನೂ ಮಾಡಿಸಿದೆ. ಅದರ ವ್ಯಾಕರಣದ ಭಾಗದಲ್ಲಿ ಶ್ಯಾವ್‌ಲಾಂಗ್‌ಬಾವ್ ಬಗ್ಗೆ ಬರಹ ಇದೆ, ಒಳಗೆ ಬಿಸಿ ಸಾರು ತುಂಬಿದ ಕಡುಬು. ಹತ್ತಕ್ಕೆ ಹತ್ತು ಸರಿ ಮಾಡಿದಳು. 'ಇದನ್ನು ಹೇಗೆ ತಿನ್ನೋದು, ನೀನೇ ಇಂಗ್ಲಿಷ್‌ನಲ್ಲಿ ಹೇಳು' ಅಂದೆ. ಬಾಯಿ ಬಿಡಲಿಲ್ಲ. ಎದ್ದು ನನ್ನ ಕೈ ಹಿಡಿದು ಕೆಳಗಿನ ಅಂಗಡಿಗೆ ಕರೆದುಕೊಂಡು ಹೋದಳು. ತರಕಾರಿಯದ್ದೇ ಕೊಡಿಸಿದಳು. ಮೂಲೆಯಲ್ಲಿ ಚೂರು ಕಚ್ಚಿ, ಉಗಿ ಹೋಗೋಕೆ ಬಿಟ್ಟು, ಹೀರಿ, ಆಮೇಲೆ ಬಾಯಿಗೆ ಹಾಕಿಕೊಂಡು ತೋರಿಸಿದಳು. ಒಂದು ಪದ ಇಲ್ಲ!

ಈಗ ಪ್ರಶ್ನೆ. ನಮ್ಮ ಪ್ರಾಂತ್ಯದ ಈ ಪರೀಕ್ಷೆಯಲ್ಲಿ ಮಾತಿಗೆ ಅಂಕವೇ ಇಲ್ಲ. ವಾರಕ್ಕೆ ಎರಡು ಗಂಟೆಯಲ್ಲಿ ನಾನು ಏನು ಮಾಡಲಿ? ಮಾತು ಕಲಿಸಿದರೆ ಅವಳ ಅಂಕಕ್ಕೆ ಕಲ್ಲು ಹಾಕಿದ ಹಾಗಾ? ಅಂಕದ ಪಾಠವನ್ನೇ ಮಾಡೋದಾದರೆ ಅದು ನನಗಿಂತ ಅವಳಿಗೇ ಚೆನ್ನಾಗಿ ಬರುತ್ತದೆ.

ಪ್ರಶ್ನೆಪತ್ರಿಕೆ ಪಾಪಣ್ಣ

ಸುಧಾ ಮೇಡಂ, ಮರ್ಯಾದೆ ಏನೂ ಹೋಗಿಲ್ಲ. ಭಾಷಾ ಪರೀಕ್ಷೆಗಳ ಬಗ್ಗೆ ಓದೋದೇ ನನ್ನ ಹೊಟ್ಟೆಪಾಡು, ಹೈದರಾಬಾದ್‌ನಲ್ಲಿದ್ದೇನೆ. ಆ ಹದಿನೈದು ಖಾಲಿ ಜಾಗದಲ್ಲಿ ನನಗೂ 15 ಬರಲ್ಲ. ಭಾಷೆ ಚೆನ್ನಾಗಿ ಬರುವವರು ಸರಸರ ಓದಿಕೊಂಡು ಹೋಗುತ್ತಾರೆ, ಎಡವುತ್ತಾರೆ. ನಾಲ್ಕೂ ಪದ ಆ ವಾಕ್ಯಕ್ಕೆ ಕೂರುತ್ತವೆ. ಒಂದೇ ಒಂದು ಇಡೀ ಕತೆಗೆ ಕೂರುತ್ತದೆ. ನಿಮ್ಮ ಪುಟ್ಟಿ ಹೇಳಿದ್ದು ಸರಿಯಾದ ಮಾತು. ನಾನು ಒಂದು ಗಂಟೆ ಕ್ಲಾಸಿನಲ್ಲಿ ಹೇಳೋದನ್ನು ಆರು ಪದದಲ್ಲಿ ಮುಗಿಸಿದ್ದಾಳೆ.

ಮಾತಿಗೆ ಅಂಕ ಯಾಕಿಲ್ಲ ಅನ್ನೋದಕ್ಕೆ ಸ್ವಲ್ಪ ಹಳೇ ಕತೆ ಬೇಕು. ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಗಾವ್‌ಕಾವ್ ನಿಂತೇ ಹೋಗಿತ್ತು. 1977ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾಯಿತು. ಹಳ್ಳಿ ಹೊಲಗಳಲ್ಲಿ ಇದ್ದವರು, ಕಾರ್ಖಾನೆಯಲ್ಲಿ ಇದ್ದವರು ಎಲ್ಲ ಬಂದು ಬರೆದರು. ಆಗ ಇಂಗ್ಲಿಷ್ ಎಲ್ಲರಿಗೂ ಎಣಿಸುವ ವಿಷಯ ಆಗಿರಲಿಲ್ಲ. ಕಲಿಸೋಕೆ ಮೇಷ್ಟ್ರುಗಳೇ ಇರಲಿಲ್ಲ. ಅಂಕದ ಇಷ್ಟು ಭಾಗ, ಮುಂದಿನ ವರ್ಷ ಇನ್ನಷ್ಟು ಅಂತ ಏರಿಸಿಕೊಂಡು ಬಂದು 1983ರಲ್ಲಿ ಪೂರ್ತಿ ಅಂಕವನ್ನು ಲೆಕ್ಕಕ್ಕೆ ತೆಗೆದುಕೊಂಡರು. 1985ರಲ್ಲಿ ಗುವಾಂಗ್‌ಡಾಂಗ್‌ನಲ್ಲಿ ಹೊಸ ಮಾದರಿಯ ಪತ್ರಿಕೆ ಪ್ರಯೋಗ ಮಾಡಿದರು. ಕಿವಿಗೆ ಪರೀಕ್ಷೆ ಬಂದದ್ದು 1999ರಿಂದ, ಅದೂ ಮೊದಲು ಕೆಲವು ಕಡೆ ಮಾತ್ರ. ಕಣ್ಣಾಯಿತು, ಕೈಯಾಯಿತು, ಕಿವಿಯಾಯಿತು. ಬಾಯಿ ಕೊನೆಗೆ.

ಬಾಯಿ ಕಷ್ಟ ಯಾಕೆ? 2024ರಲ್ಲಿ ಗಾವ್‌ಕಾವ್‌ಗೆ ಹೆಸರು ಕೊಟ್ಟವರು 1 ಕೋಟಿ 34 ಲಕ್ಷಕ್ಕೂ ಜಾಸ್ತಿ. ಎಲ್ಲರೂ ಇಂಗ್ಲಿಷ್ ತೆಗೆದುಕೊಳ್ಳಲ್ಲ, ಆದರೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ತಲೆಗೆ ಹತ್ತು ನಿಮಿಷ ಮಾತಾಡಿಸಿದರೂ 22 ಲಕ್ಷ ಗಂಟೆ ಆಯಿತು. ಅಷ್ಟು ಕಿವಿ ಎಲ್ಲಿಂದ ತರೋದು? ತಂದರೂ, ಒಬ್ಬ ಮೇಷ್ಟ್ರು ಧಾರಾಳಿ, ಇನ್ನೊಬ್ಬ ಜಿಪುಣ. ಅರ್ಧ ಅಂಕಕ್ಕೆ ಸಾವಿರಾರು ಜನ ಹಿಂದೆ ಮುಂದೆ ಆಗುವ ಪರೀಕ್ಷೆ ಇದು.

ಇನ್ನು ಅಕ್ಷರದ ವಿಷಯ. ಅದಕ್ಕೆ 'ಹಂಗ್‌ಶ್ವೇ ಶೈಲಿ' ಅಂತ ಹೆಸರೇ ಇದೆ. ಹಬೇ ಪ್ರಾಂತ್ಯದ ಹಂಗ್‌ಶ್ವೇ ಊರಿನ ಶಾಲೆಯಿಂದ ದೇಶಕ್ಕೆಲ್ಲ ಹಬ್ಬಿದ್ದು. ಉತ್ತರಪತ್ರಿಕೆಯನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರ್ ಪರದೆ ಮೇಲೆ ತಿದ್ದುತ್ತಾರೆ. ಪ್ರಬಂಧವನ್ನು ಇಬ್ಬರು ಬೇರೆ ಬೇರೆ ನೋಡುತ್ತಾರೆ, ಇಬ್ಬರ ಅಂಕ ತೀರಾ ದೂರ ಇದ್ದರೆ ಮೂರನೆಯವರಿಗೆ ಹೋಗುತ್ತದೆ. ದಿನವಿಡೀ ಪರದೆ ನೋಡಿ ದಣಿದ ಕಣ್ಣಿಗೆ ದುಂಡಗಿನ ಅಕ್ಷರ ಹಿತ. ಮಕ್ಕಳಿಗೆ ಇದು ಗೊತ್ತು.

ಚೀ ಲುಶ್ಯಾ ಅನ್ನೋ ಸಂಶೋಧಕಿ ಈ ಪರೀಕ್ಷೆಯ ಬಗ್ಗೆ ಚೆನ್ನಾಗಿ ಬರೆದಿದ್ದಾರೆ. ಪತ್ರಿಕೆ ಮಾಡಿದವರ ಆಸೆ, ಮಕ್ಕಳು ಯಾರಿಗೆ ಬರೆಯುತ್ತಿದ್ದೇವೆ, ಯಾಕೆ ಬರೆಯುತ್ತಿದ್ದೇವೆ ಅಂತ ಯೋಚಿಸಿ ಬರೆಯಲಿ ಅನ್ನೋದು. ಶಾಲೆಗಳಲ್ಲಿ ಹೋಗಿ ನೋಡಿದರೆ ಅದನ್ನು ಕೇಳುವವರೇ ಇಲ್ಲ, ಪರೀಕ್ಷೆಯಲ್ಲಿ ಬರುವ ರೂಪವನ್ನೇ ತಿರುವಿ ತಿರುವಿ ಅಭ್ಯಾಸ ಮಾಡಿಸುತ್ತಿದ್ದರು. ಪರೀಕ್ಷೆ ಬದಲಾಯಿಸಿದರೆ ಪಾಠ ಬದಲಾಗುತ್ತದೆ ಅಂದುಕೊಂಡಿದ್ದು ಹಾಗೆ ಆಗಲಿಲ್ಲ. ಸೀಟಿಗಾಗಿ ಜರಡಿ ಹಿಡಿಯುವ ಪರೀಕ್ಷೆಯಿಂದಲೇ ಪಾಠವನ್ನೂ ತಿದ್ದಿಸೋದು ಆಗದ ಕೆಲಸ ಅಂತ ಅವರ ವಾದ.

ಶಾವ್‌ಶಿಂಗ್ ಸುಧಾ

ಸರ್, ಯಾರಿಗೆ ಬರೆಯೋದು ಅಂದಿರಲ್ಲ, ನಗು ಬಂತು. ಇಲ್ಲಿ ಎಲ್ಲರೂ ಬರೆಯೋದು ಲೀ ಹುವಾ ಹೆಸರಿನಲ್ಲಿ! ಉತ್ತರಪತ್ರಿಕೆಯಲ್ಲಿ ಸ್ವಂತ ಹೆಸರು ಬರೆಯುವಂತಿಲ್ಲ. ಅದಕ್ಕೆ ಪ್ರಶ್ನೆಯಲ್ಲೇ 'ನೀನು ಲೀ ಹುವಾ ಅಂತಿಟ್ಟುಕೋ' ಅಂತ ಕೊಡುತ್ತಾರೆ. ಎಷ್ಟೋ ವರ್ಷದಿಂದ ಈ ಲೀ ಹುವಾ ವಿದೇಶಿ ಗೆಳೆಯರಿಗೆ ಪತ್ರ ಬರೆಯುತ್ತಲೇ ಇದ್ದಾನೆ. ಪ್ರದರ್ಶನಕ್ಕೆ ಕರೆಯುತ್ತಾನೆ, ಕ್ಷಮೆ ಕೇಳುತ್ತಾನೆ, ಸಲಹೆ ಕೊಡುತ್ತಾನೆ. ಹೈಸ್ಕೂಲು ಮಾತ್ರ ಪಾಸಾಗಿಲ್ಲ.

2023ರ ಪತ್ರಿಕೆಯಲ್ಲಿ ಅವನ ಕೆಲಸ ಏನು ಗೊತ್ತಾ? ರಯಾನ್ ಅನ್ನೋ ವಿದೇಶಿ ಮೇಷ್ಟ್ರು, ಮಾತಾಡೋದು ಅಭ್ಯಾಸ ಆಗಲಿ ಅಂತ ಮಕ್ಕಳನ್ನು ಸುಮ್ನೆ ಚೀಟಿ ಎತ್ತಿದ ಹಾಗೆ ಇಬ್ಬಿಬ್ಬರ ಜೋಡಿ ಮಾಡೋಕೆ ಹೊರಟಿದ್ದಾರೆ. ಅದು ಸರಿಯಲ್ಲ ಅಂತ ಲೀ ಹುವಾ ಇಮೇಲ್ ಬರೆಯಬೇಕು. ಮಾತಾಡುವ ಅಭ್ಯಾಸದ ಬಗ್ಗೆ ಎಂಬತ್ತು ಪದ ಬರೆದರೆ 15 ಅಂಕ. ಮಾತಾಡಿದರೆ ಸೊನ್ನೆ. ಪುಟ್ಟಿಗೆ ಇದರಲ್ಲಿ ನಗೋಕೆ ಏನಿದೆ ಅಂತ ಅರ್ಥವೇ ಆಗಲಿಲ್ಲ. ಅವಳ ಪತ್ರ ಮಾತ್ರ ಎಷ್ಟು ನಯವಾಗಿತ್ತು ಅಂದ್ರೆ, ನಾನು ರಯಾನ್ ಆಗಿದ್ದರೆ ತಕ್ಷಣ ಜೋಡಿ ಬದಲಾಯಿಸುತ್ತಿದ್ದೆ.

ಕ್ಯಾಂಟನ್ ಕಾವೇರಿ

ಸುಧಾ ಅಕ್ಕಾ, ನಾನು ಗುವಾಂಗ್‌ಝೌನಲ್ಲಿದ್ದೇನೆ, ಮಡಿಕೇರಿಯವಳು. ಚೀನಾ ಪೂರ್ತಿ ಒಂದೇ ಥರ ಇಲ್ಲ. ನಮ್ಮ ಗುವಾಂಗ್‌ಡಾಂಗ್‌ನಲ್ಲಿ 2011ರಿಂದಲೇ ಕಂಪ್ಯೂಟರ್ ಮುಂದೆ ಕೂರಿಸಿ ಮಾತಾಡಿಸುತ್ತಾರೆ. ಈಗ ಅದಕ್ಕೆ 20 ಅಂಕ. ಶಾಂಘೈನಲ್ಲಿ 10. ಬೀಜಿಂಗ್‌ನಲ್ಲಿ 2021ರಿಂದ ಕೇಳೋದು ಮತ್ತು ಮಾತಾಡೋದು ಸೇರಿ 50, ವರ್ಷಕ್ಕೆ ಎರಡು ಸಲ.

ನನ್ನ ಸಹೋದ್ಯೋಗಿಯ ಮಗ ಹೋದ ವರ್ಷ ಬರೆದ. ಅಲ್ಲ, ಮಾತಾಡಿದ. ಹೆಡ್‌ಫೋನ್ ಹಾಕಿಕೊಂಡು ಸಾಲಾಗಿ ಕೂರುತ್ತಾರೆ. ಮೊದಲು ಒಂದು ವಿಡಿಯೊ ಬರುತ್ತದೆ, ಅದರ ದನಿಯ ವೇಗಕ್ಕೇ ಸರಿಯಾಗಿ ಓದಬೇಕು. ಆಮೇಲೆ ಸಂಭಾಷಣೆ, ಮೂರು ಪ್ರಶ್ನೆ ಕೇಳಬೇಕು, ಐದಕ್ಕೆ ಉತ್ತರ ಹೇಳಬೇಕು. ಕೇಳಬೇಕಾದ ಪ್ರಶ್ನೆ ಪರದೆ ಮೇಲೆ ಚೀನೀ ಭಾಷೆಯಲ್ಲಿ ಇರುತ್ತದೆ, ಇವರು ಇಂಗ್ಲಿಷ್ ಮಾಡಿ ಕೇಳಬೇಕು. ಕೊನೆಗೆ ಒಂದು ಕತೆ ಕೇಳಿಸಿಕೊಂಡು ತಮ್ಮ ಮಾತಲ್ಲಿ ಹೇಳಬೇಕು. ಎಲ್ಲರೂ ಒಟ್ಟಿಗೇ ಮಾತಾಡೋದು. ನಮ್ಮ ಕಡೆ ಸಂತೆ ಇದ್ದ ಹಾಗೆ! ಪಕ್ಕದವನ ಗಂಟಲು ಜೋರಾಗಿದ್ದರೆ ನಿಮ್ಮ ಕತೆ ಮರೆತೇ ಹೋಗುತ್ತದೆ. ಈ ಹುಡುಗ ಒಂದು ವರ್ಷ ಟಿವಿ ಜೋರಾಗಿ ಹಾಕಿಕೊಂಡು ಅಭ್ಯಾಸ ಮಾಡಿದ, ಮನೆಯವರಿಗೆ ತಲೆನೋವು.

ಆದರೆ ಇದರಿಂದ ಮಾತು ಬಂತಾ ಅಂತ ಕೇಳಿದರೆ, ಅರ್ಧ. ಅವನು ನನ್ನ ಹತ್ತಿರ ಮಾತಾಡುತ್ತಾನೆ. ನಾನು ಒಂದು ಪ್ರಶ್ನೆ ಕೇಳಿದ ಮೇಲೆ 'ಟಿಂಗ್' ಅನ್ನೋ ಸದ್ದಿಗೆ ಕಾದಂತೆ ಎರಡು ಕ್ಷಣ ಸುಮ್ಮನಿರುತ್ತಾನೆ, ಆಮೇಲೆ ಶುರು ಮಾಡುತ್ತಾನೆ.

ಸುಮ್ನೆ ಕೇಳ್ದೆ

ಅಷ್ಟೆಲ್ಲ ಒದ್ದಾಟ ಯಾಕೆ, ಇಂಗ್ಲಿಷ್ ತೆಗೆದುಹಾಕಿದರೆ ಆಯ್ತಲ್ವಾ? ಅವರ ಹತ್ತಿರ ಅವರದ್ದೇ ಭಾಷೆ ಇದೆ, ಅವರದ್ದೇ ಫೋನು, ಅವರದ್ದೇ ಆ್ಯಪ್. ಅನುವಾದ ಫೋನೇ ಮಾಡುತ್ತದೆ ಅಂತ ನೀವೇ ಹೇಳಿದಿರಿ. ಮಕ್ಕಳನ್ನು ಯಾಕೆ ಗೋಳುಹಾಕಿಕೊಳ್ಳೋದು?

ಶಾವ್‌ಶಿಂಗ್ ಸುಧಾ

ಇದನ್ನು ಅವರೇ ಕೇಳಿಕೊಂಡಾಗಿದೆ. 2013ರಲ್ಲಿ ಬೀಜಿಂಗ್‌ನವರು ಇಂಗ್ಲಿಷ್ ಅಂಕವನ್ನು 150ರಿಂದ 100ಕ್ಕೆ ಇಳಿಸುವ ಕರಡು ತಂದಿದ್ದರು, ಅದು ಜಾರಿಗೆ ಬರಲಿಲ್ಲ. 2021ರಲ್ಲೂ ಇಂಗ್ಲಿಷ್ ಮುಖ್ಯ ವಿಷಯ ಬೇಡ ಅನ್ನೋ ಸಲಹೆ ಬಂದು ದೊಡ್ಡ ಜಗಳವೇ ನಡೆಯಿತು. 150 ಹಾಗೇ ಇದೆ.

ಇಂಗ್ಲಿಷೇ ಆಗಬೇಕು ಅಂತಲೂ ಇಲ್ಲ. ರಷ್ಯನ್, ಜಪಾನಿ, ಜರ್ಮನ್, ಫ್ರೆಂಚ್, ಸ್ಪ್ಯಾನಿಷ್ ತೆಗೆದುಕೊಳ್ಳಬಹುದು. ಪುಟ್ಟಿಯ ಒಬ್ಬ ಗೆಳತಿ ಹೋದ ವರ್ಷ ಇಂಗ್ಲಿಷ್ ಬಿಟ್ಟು ಜಪಾನಿ ಭಾಷೆಗೆ ಹಾರಿದ್ದಾಳೆ. ಅದರಲ್ಲಿ ಚೀನೀ ಅಕ್ಷರಗಳು ಬರುತ್ತವೆ, ಅರ್ಥ ಊಹಿಸಬಹುದು ಅಂತ ಲೆಕ್ಕ.

ಗೋಳು ಅನ್ನೋದು ನಿಜ. 3500 ಪದಗಳ ಒಂದು ಪುಸ್ತಕ ಇದೆ, ಪುಟ್ಟಿಯದ್ದು ಹರಿದು ಅಂಟಿನ ಪಟ್ಟಿಯಲ್ಲೇ ನಿಂತಿದೆ. ಆದರೆ ಅವಳ ಅಪ್ಪ ಮಾರುಕಟ್ಟೆಯಲ್ಲಿ ಲೇಸು ಮಾರುವವರು, ಕ್ಯಾಲ್ಕುಲೇಟರ್ ತೋರಿಸಿಕೊಂಡೇ ನಮ್ಮವರ ಜೊತೆ ಇಪ್ಪತ್ತು ವರ್ಷ ವ್ಯಾಪಾರ ಮಾಡಿದ್ದಾರೆ. ಮಗಳಿಗೆ ಆ ಗತಿ ಬೇಡ ಅನ್ನುತ್ತಾರೆ. ನಾನು ಏನು ಹೇಳಲಿ?

ಹಳೇ ಮೇಷ್ಟ್ರು, ಹಾಸನ

ಅಮ್ಮಾ ಸುಧಾ, ಮೂವತ್ತು ವರ್ಷ ಪಿಯು ಮಕ್ಕಳಿಗೆ ಇಂಗ್ಲಿಷ್ ಹೇಳಿದವನು ನಾನು. ಚೀನಾದವರನ್ನು ನೋಡಿ ನಗುವ ಹಾಗಿಲ್ಲ. ನನ್ನ ಮಕ್ಕಳು ಪತ್ರ ಬರೆಯುವ ನಮೂನೆ ಬಾಯಿಪಾಠ ಮಾಡಿ, ದಿನಾಂಕ ಸಮೇತ ಕಳೆದ ವರ್ಷದ್ದೇ ಬರೆದು ಬರುತ್ತಿದ್ದರು.

ನೀವು ಒಂದು ವಿಷಯ ಬಿಟ್ಟಿದ್ದೀರಿ. ಆ ಪತ್ರಿಕೆಯಲ್ಲಿ ಕತೆ ಮುಂದುವರಿಸುವ ಪ್ರಶ್ನೆ ಇದೆಯಲ್ಲ? ಅದಕ್ಕೆ 25 ಅಂಕ ಅಂತ ನನ್ನ ಮೊಮ್ಮಗ ಹುಡುಕಿ ಹೇಳಿದ. ಅದು ನಿಮ್ಮ ಜಾಗ. ಕತೆ ಹೇಳೋಕೆ ಬರುವ ಹೆಂಗಸು ಪಕ್ಕದಲ್ಲಿರುವಾಗ ಮಾತೋ ಅಂಕವೋ ಅಂತ ಯಾಕೆ ಎರಡು ಮಾಡುತ್ತೀರಿ? ಬರೆಯೋಕೆ ಮುಂಚೆ ಬಾಯಲ್ಲಿ ಹೇಳಿಸಿ. ಹೇಳದೆ ಪೆನ್ನು ಮುಟ್ಟಬಾರದು ಅನ್ನಿ. ತಪ್ಪು ಆಡಿದರೆ ತಿದ್ದಬೇಡಿ, 'ಆಮೇಲೆ?' ಅಂತ ಕೇಳಿ, ಅಷ್ಟೆ.

ಪ್ರಶ್ನೆಪತ್ರಿಕೆ ಪಾಪಣ್ಣ

ಮೇಷ್ಟ್ರೇ, ಸರಿಯಾದ ಜಾಗಕ್ಕೆ ಕೈ ಹಾಕಿದಿರಿ. ಈ ಪ್ರಶ್ನೆ ಮೊದಲು ಬಂದದ್ದೇ ಝೆಜಿಯಾಂಗ್‌ನಲ್ಲಿ, 2016ರಲ್ಲಿ. ಸುಮಾರು 350 ಪದದ ಕತೆ ಕೊಟ್ಟು, ಮುಂದಿನ ಎರಡು ಪ್ಯಾರಾದ ಮೊದಲ ವಾಕ್ಯ ಮಾತ್ರ ಕೊಡುತ್ತಾರೆ. ಉಳಿದ 150 ಪದ ಮಕ್ಕಳದ್ದು. ಮೂಲ ಕತೆಗೆ ಹೊಂದಬೇಕು, ಅವರು ಕೊಟ್ಟ ವಾಕ್ಯಕ್ಕೆ ಕೊಂಡಿ ಬೀಳಬೇಕು.

ಅಂದ ಹಾಗೆ ಝೆಜಿಯಾಂಗ್ ಅಂದಾಗ ನಮ್ಮ ವಿಷಯದವರಿಗೆ ನೆನಪಾಗೋದು 2018ರ ನವೆಂಬರ್. ಎರಡು ಸಲ ಪರೀಕ್ಷೆ ಅಂದ್ರೆ ಎರಡೂ ಪತ್ರಿಕೆ ಒಂದೇ ತೂಕ ಇರಬೇಕಲ್ವಾ? ಆ ಸಲದ್ದು ಹಿಂದಿನದಕ್ಕಿಂತ ಕಷ್ಟ ಆಯಿತು ಅಂತ, ಕೆಲವು ಪ್ರಶ್ನೆಗಳ ಅಂಕಕ್ಕೆ ಅಧಿಕಾರಿಗಳು ಆಮೇಲೆ ತೂಕ ಸೇರಿಸಿದರು. ಚೆನ್ನಾಗಿ ಬರೆದವರಿಗೆ ಲಾಭ ಇಲ್ಲ, ಬೇರೆಯವರು ಮೇಲೆ ಬಂದರು ಅಂತ ಅಪ್ಪ ಅಮ್ಮಂದಿರು ಗಲಾಟೆ ಎಬ್ಬಿಸಿದರು. ಪ್ರಾಂತ್ಯದ ಗವರ್ನರ್ ನೇತೃತ್ವದಲ್ಲೇ ತನಿಖೆ ಆಗಿ, ಸೇರಿಸಿದ್ದನ್ನು ತೆಗೆದು ಮೊದಲಿನ ಅಂಕವನ್ನೇ ಕೊಟ್ಟರು. ಉದ್ದೇಶ ಒಳ್ಳೆಯದೇ ಇತ್ತು. ತಕ್ಕಡಿ ತೂಗಿದ ಮೇಲೆ ಕಲ್ಲು ಬದಲಾಯಿಸಬಾರದು, ಅಷ್ಟೆ.

ಶಾವ್‌ಶಿಂಗ್ ಸುಧಾ

ಮೇಷ್ಟ್ರೇ, ನಿಮ್ಮ ಮಾತು ಕೇಳಿ ಐದು ವಾರ ಆಯಿತು. ವರದಿ ಒಪ್ಪಿಸುತ್ತೇನೆ.

ಮೊದಲು ಅವಳ ಕತೆಗಳನ್ನೆಲ್ಲ ಓದಿದೆ. ಎಲ್ಲರ ಕಣ್ಣಲ್ಲೂ ನೀರು. ನಾಯಿ ಸಿಕ್ಕಿದರೂ ನೀರು, ಸ್ಪರ್ಧೆ ಗೆದ್ದರೂ ನೀರು. ಕೊನೆ ಸಾಲಿನಲ್ಲಿ ಸೂರ್ಯ ಕಡ್ಡಾಯವಾಗಿ ಮುಳುಗಬೇಕು, ಬಂಗಾರದ ಬಣ್ಣದಲ್ಲಿ. ಯಾಕೆ ಅಂದ್ರೆ ಇಂಥ ಸಾಲುಗಳ ಒಂದು ಪಟ್ಟಿಯೇ ಅವಳ ಹತ್ತಿರ ಇದೆ. ಸಿಟ್ಟಿಗೆ ಹತ್ತು, ಸಂತೋಷಕ್ಕೆ ಹತ್ತು, ಭಯಕ್ಕೆ ಹತ್ತು.

2024ರ ಪತ್ರಿಕೆಯ ಕತೆ ತೆಗೆದುಕೊಂಡೆವು. ವಿಯೆನ್ನಾದಲ್ಲಿ ವಿಮಾನ ತಡವಾಗಿ ಇಳಿಯುತ್ತದೆ, ಪ್ರಾಗ್‌ಗೆ ಹೋಗುವ ಕೊನೆಯ ಬಸ್ಸಿಗೆ ಅರ್ಧ ಗಂಟೆ ಇದೆ. ಗುಂಟರ್ ಅನ್ನೋ ಟ್ಯಾಕ್ಸಿಯವನು ಓಡಿಸಿಕೊಂಡು ಬಂದು ಮುಟ್ಟಿಸುತ್ತಾನೆ. ಬಾಡಿಗೆ ಕೊಡೋಕೆ ಕೈಯಲ್ಲಿ ಕಾಸಿಲ್ಲ. ನಾಲ್ಕು ದಿನ ಬಿಟ್ಟು ವಾಪಸು ಬಂದಾಗ ಗುಂಟರ್‌ಗೆ ಫೋನ್ ಮಾಡಿದೆ, ಅನ್ನೋದು ಎರಡನೆಯ ಪ್ಯಾರಾದ ಮೊದಲ ಸಾಲು.

'ಆಮೇಲೆ?' ಅಂದೆ. ಸುಮ್ಮನೆ ಕೂತಳು. ನಾನೂ ಸುಮ್ಮನೆ ಕೂತೆ. ಕುಕ್ಕರ್ ಮೂರು ಸಲ ಕೂಗಿತು. ಕೊನೆಗೆ 'ಗುಂಟರ್ ಹ್ಯಾಪಿ' ಅಂದಳು. ಯಾಕೆ? 'ಮನಿ.' ನನಗೆ ನಗು ತಡೆಯಲಿಲ್ಲ, ಅವಳೂ ನಕ್ಕಳು. ಆಮೇಲೆ ತಾನೇ ಬೇಡ ಅಂದಳು. 'ನಾಟ್ ಮನಿ. ಹಿ... ಹಿ ಥಿಂಕ್, ಐ ನಾಟ್ ಕಮ್ ಬ್ಯಾಕ್. ಐ ಕಮ್ ಬ್ಯಾಕ್.' ಒಂದು ಕಾಲವೂ ಸರಿ ಇಲ್ಲ, ಒಂದು ಕ್ರಿಯಾಪದವೂ ಸರಿ ಇಲ್ಲ. ಆದರೆ ಇಡೀ ಕತೆ ಅಷ್ಟರಲ್ಲಿ ಬಂತು. ಬರೆಯೋಕೆ ಕೂತಾಗ ವ್ಯಾಕರಣ ತಾನಾಗೇ ಬಂದು ಸೇರಿಕೊಂಡಿತು, ಅದಂತೂ ಅವಳಿಗೆ ಕೈಬೆರಳಲ್ಲೇ ಇದೆ. ಗುಂಟರ್ ಕಣ್ಣಲ್ಲಿ ನೀರು ಹಾಕೋಕೆ ಹೋದಳು, ನಾನು ಪೆನ್ನು ಹಿಡಿದುಕೊಂಡೆ.

ಸೂರ್ಯನನ್ನು ಮಾತ್ರ ಬಿಟ್ಟುಕೊಡಲಿಲ್ಲ. ತಿದ್ದುವವರಿಗೆ ಇಷ್ಟವಂತೆ. ಮುಳುಗಲಿ ಅಂತ ನಾನೂ ಬಿಟ್ಟೆ.

ಕ್ಯಾಂಟನ್ ಕಾವೇರಿ

ಅಕ್ಕಾ, ಕೇಳುವ ಭಾಗಕ್ಕೆ ಒಂದು ಮಾತು. 20 ಪ್ರಶ್ನೆ, 30 ಅಂಕ, ಪತ್ರಿಕೆಯ ಶುರುವಿನಲ್ಲೇ ಬರುತ್ತದೆ. ಮೊದಲ ಐದು ಸಂಭಾಷಣೆ ಒಂದೇ ಸಲ ಹಾಕುತ್ತಾರೆ. ಕೆಮ್ಮಿದರೆ ಹೋಯಿತು! ಉಳಿದದ್ದು ಎರಡು ಸಲ. ಜೂನ್‌ನಲ್ಲಿ ನೋಡಿದ್ದೀರಲ್ಲ, ಇಂಗ್ಲಿಷ್ ದಿನ ಶಾಲೆ ಹತ್ತಿರ ಹಾರ್ನ್ ಹೊಡೆಯುವ ಹಾಗಿಲ್ಲ. ಬೇರೆ ವಿಷಯಕ್ಕೆ ಐದು ಹತ್ತು ನಿಮಿಷ ತಡವಾದರೂ ಬಿಡುತ್ತಾರೆ. ಇಂಗ್ಲಿಷ್‌ಗೆ ಹದಿನೈದು ನಿಮಿಷ ಮುಂಚೆಯೇ ಬಾಗಿಲು ಹಾಕುತ್ತಾರೆ. ಬೇಗ ಕಳಿಸೋಕೆ ಅವರ ಅಮ್ಮನಿಗೆ ಹೇಳಿ.

ಶಾವ್‌ಶಿಂಗ್ ಸುಧಾ

ಅವರ ಅಮ್ಮನಿಗೆ ನಾನು ಹೇಳೋದಾ! ಜೂನ್‌ಗೆ ಅಂತ ಕೆಂಪು ಚೀಪಾವ್ ಈಗಲೇ ಹೊಲಿಸಿಟ್ಟಿದ್ದಾರೆ. ಆ ಉಡುಪಿನ ಹೆಸರಿನ 'ಚೀ' ಮತ್ತು ಬಾವುಟ ಹಾರಿಸಿ ಗೆಲ್ಲೋದು ಅನ್ನೋ ಗಾದೆಯ 'ಚೀ' ಒಂದೇ ಅಕ್ಷರ, ಅದಕ್ಕೆ ತಾಯಂದಿರೆಲ್ಲ ಅದನ್ನು ಹಾಕಿಕೊಂಡು ಶಾಲೆ ಬಾಗಿಲಲ್ಲಿ ನಿಲ್ಲುತ್ತಾರೆ. ಜನವರಿ ಚಳಿಗೆ ಮಾತ್ರ ಅದರ ಮೇಲೆ ದಪ್ಪ ಕೋಟು.

ಶಾವ್‌ಶಿಂಗ್ ಸುಧಾ

ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ. ಕೆಲವರು ಕೇಳುತ್ತಿದ್ದಿರಿ, ಅದಕ್ಕೆ.

ಜನವರಿ ಪರೀಕ್ಷೆಯ ಫಲಿತಾಂಶ ಬಂತು. 150ಕ್ಕೆ 133. ಶಾಲೆಯ ಅಭ್ಯಾಸ ಪರೀಕ್ಷೆಗಳಲ್ಲಿ 120ರ ಆಸುಪಾಸು ಬರುತ್ತಿತ್ತು. ನನ್ನಿಂದ ಅಂತ ಹೇಳಲ್ಲ. ಬಿಡಿ ಅಂಕ ಯಾವ ಭಾಗಕ್ಕೆ ಎಷ್ಟು ಅಂತ ಅವಳಿಗೂ ಗೊತ್ತಿಲ್ಲ. ಕೇಳುವ ಭಾಗದಲ್ಲಿ ಹಿಂದಿನ ಬೆಂಚಿನವನು ಸೀನಿದ, ಒಂದು ಪ್ರಶ್ನೆ ಹೋಯಿತು ಅಂತ ಇನ್ನೂ ಶಪಿಸುತ್ತಾಳೆ.

ಮನೆಯಲ್ಲಿ ಮಾತುಕತೆ ಆಗಿ, ಇಷ್ಟು ಸಾಕು, ಜೂನ್‌ನಲ್ಲಿ ಇಂಗ್ಲಿಷ್ ಮತ್ತೆ ಬರೆಯೋದು ಬೇಡ, ಆ ಹೊತ್ತನ್ನು ಗಣಿತಕ್ಕೆ ಕೊಡು ಅಂತ ತೀರ್ಮಾನ ಮಾಡಿದರು. ಇಲ್ಲಿ ಹೀಗೆ ಮಾಡುವವರು ತುಂಬಾ ಜನ. ಅವಳ ಅಮ್ಮ ಬಂದು ಥ್ಯಾಂಕ್ಸ್ ಹೇಳಿ, ಫೋನಿನಲ್ಲಿ ತೋರಿಸಿದರು: ಇನ್ನು ಮುಂದೆ ಭಾನುವಾರ ನಿಮಗೆ ತೊಂದರೆ ಕೊಡಲ್ಲ. ಈ ಸಲ ಎರಡು ಚೀಲ ಕಿತ್ತಳೆ. ನಾನು ನಕ್ಕು ಒಳಗೆ ಬಂದೆ. ಸ್ವಲ್ಪ ಬೇಜಾರಾಗಿದ್ದು ನಿಜ.

ಮೊನ್ನೆ ಭಾನುವಾರ ಅದೇ ಹೊತ್ತಿಗೆ ಬಾಗಿಲು ಬಡಿದಳು. ಚೀಲ ಇಲ್ಲ, ಪುಸ್ತಕ ಇಲ್ಲ. ಅಡುಗೆಮನೆಯಲ್ಲಿ ನಾನು ಚಪಾತಿ ಮಾಡುತ್ತಿದ್ದೆ. ಪಕ್ಕದಲ್ಲಿ ನಿಂತು ಲಟ್ಟಣಿಗೆ ತೋರಿಸಿ 'ಆಯಿ, ಹೌ ಟು ಸೇ?' ಅಂದಳು. ರೋಲಿಂಗ್ ಪಿನ್ ಅಂದೆ. ಎರಡು ಸಲ ಬಾಯಲ್ಲಿ ಹೇಳಿ ನೋಡಿಕೊಂಡಳು. ಆ 3500ರಲ್ಲಿ ಇದು ಇರಲಿಲ್ಲವಂತೆ. ಆಮೇಲೆ ಲಟ್ಟಣಿಗೆ ಕಿತ್ತುಕೊಂಡು, ಅವಳ ಅಜ್ಜಿ ಕಡುಬಿನ ಹಾಳೆ ಒತ್ತುವಾಗ ಒಂದು ಕೈಯಲ್ಲಿ ಹಿಟ್ಟು ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ಲಟ್ಟಿಸೋದು ಹೇಗೆ ಅಂತ ಹೇಳೋಕೆ ಶುರು ಮಾಡಿದಳು. ಹತ್ತು ನಿಮಿಷ. ಅಜ್ಜಿಯನ್ನು 'ಹಿ' ಅಂದಳು, ನಾನು ತಿದ್ದಲಿಲ್ಲ. ಮೂರು ಚಪಾತಿ ಸೀದು ಹೋದವು.

ಮುಂದಿನ ವಾರ ಜೋಳದ ರೊಟ್ಟಿ ಬಡಿದು ತೋರಿಸುತ್ತೇನೆ ಅಂದಿದ್ದೇನೆ. ಕಾವೇರಿ, ನಿಮ್ಮ ಕಡೆ ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ? ಇಲ್ಲಿಯ ಅಂಗಡಿಯವರು ಮೆಕ್ಕೆಜೋಳದ್ದೇ ಕೊಡುತ್ತಾರೆ.